ಮುಖ ಕಾಣದ ದನಿಯನ್ನು ಎಷ್ಟು ನಂಬಬೇಕು?

ಮಾತು ನಿಂತಿರುವುದು ನಂಬಿಕೆಯ ಮೇಲೆ. ಎದುರಿಗೆ ಕುಳಿತವರ ಮಾತನ್ನು ನಾವು ಕಿವಿಯಿಂದ ಮಾತ್ರ ಕೇಳುವುದಿಲ್ಲ. ಅವರ ಮುಖವನ್ನು ನೋಡುತ್ತೇವೆ, ನಡತೆಯನ್ನು ನೆನೆಯುತ್ತೇವೆ, ಹಿಂದೆ ಆಡಿದ ಮಾತನ್ನು ಉಳಿಸಿಕೊಂಡವರೋ ಅಲ್ಲವೋ ಎಂದು ಮನಸ್ಸಿನಲ್ಲಿಯೇ ತೂಗುತ್ತೇವೆ. ನಡೆ ಮತ್ತು ನುಡಿ ಒಂದಾಗಿರಬೇಕೆಂಬ ಅಳತೆಗೋಲು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಆದರೆ ಈಗ ಮುಖವೂ ಇಲ್ಲದ, ನಡತೆಯೂ ಕಾಣದ ಒಂದು ದನಿ ನಮ್ಮ ನಡುಮನೆಗೆ ಬಂದು ಕುಳಿತಿದೆ. ಮೊಬೈಲ್ ಫೋನನ್ನು ಬಾಯಿಯ ಬಳಿ ಹಿಡಿದು “ಇಂದು ಮಳೆ ಬರುವುದೇ?” ಎಂದರೆ ಅದು ಉತ್ತರ ಕೊಡುತ್ತದೆ. “ಮಗನಿಗೆ ಫೋನು ಹಚ್ಚು” ಎಂದರೆ ಹಚ್ಚುತ್ತದೆ. ಅಡಕೆಗೆ ಬಂದ ರೋಗವನ್ನು ಕುರಿತು ಕೇಳಿದರೂ, ಎದೆನೋವಿನ ವಿಷಯ ಕೇಳಿದರೂ ಅದೇ ಸೌಮ್ಯವಾದ ಸ್ವರದಲ್ಲಿ ಹೇಳುತ್ತದೆ. ಇದಕ್ಕೆ ಧ್ವನಿ ಸಹಾಯಕ ಎಂದು ಹೆಸರು. ಗ್ರಾಹಕರು ಇಂಥ ದನಿಯನ್ನು ಏಕೆ ನಂಬುತ್ತಾರೆ, ಏಕೆ ಬಳಸುತ್ತಾರೆ, ಎಲ್ಲಿಯವರೆಗೆ ನಂಬುವುದು ಲೇಸು ಎಂಬುದನ್ನು ಗೃಹಸ್ಥರಾದ ನಾವು ವಿಚಾರಿಸಲೇಬೇಕಾದ ಕಾಲ ಬಂದಿದೆ.

ಮುಖ ಕಾಣದ ದನಿ ಹೊಸತೇನಲ್ಲ

ಮುಖ ಕಾಣದ ದನಿಯನ್ನು ಕನ್ನಡಿಗರು ನಂಬಿದ್ದು ಇದೇ ಮೊದಲಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅಲ್ಲಿ ಹುಟ್ಟಿದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಆ ಪೆಟ್ಟಿಗೆಯಿಂದ ಬಂದ ವಾರ್ತೆಯನ್ನು, ಹವಾಮಾನದ ಸೂಚನೆಯನ್ನು, ಕೃಷಿಕರಿಗೆ ಹೇಳಿದ ಸಲಹೆಯನ್ನು ಹಳ್ಳಿಯ ಜನ ನಂಬಿದರು. ಕೊಡಗಿನಲ್ಲಿ ಇಂದಿಗೂ ಮಡಿಕೇರಿ ಆಕಾಶವಾಣಿಯ ದನಿಯನ್ನು ಕಾಫಿ ತೋಟದ ಕೆಲಸದ ನಡುವೆ ಕೇಳುವವರಿದ್ದಾರೆ.

ಆ ನಂಬಿಕೆಗೆ ಕಾರಣವೇನು? ವಾರ್ತೆಯನ್ನು ಓದುವವರು ಮೊದಲು ತಮ್ಮ ಹೆಸರನ್ನು ಹೇಳುತ್ತಿದ್ದರು, ಆಮೇಲೆ ವಾರ್ತೆ. ತಪ್ಪಾದರೆ ಯಾರನ್ನು ಕೇಳಬೇಕು, ಯಾವ ಕಚೇರಿಗೆ ಪತ್ರ ಬರೆಯಬೇಕು ಎಂಬುದು ಕೇಳುಗನಿಗೆ ತಿಳಿದಿತ್ತು. ಒಂದೇ ಮಾತನ್ನು ಊರೆಲ್ಲ ಒಟ್ಟಿಗೆ ಕೇಳುತ್ತಿತ್ತು. ಸುಳ್ಳಾದರೆ ಮರುದಿನ ಕಟ್ಟೆಯ ಮೇಲೆ ಅದು ಬಯಲಾಗುತ್ತಿತ್ತು. ಹೀಗೆ ಮುಖವಿರದಿದ್ದರೂ ಹೆಸರಿತ್ತು, ಹೊಣೆಯಿತ್ತು, ಸಾಕ್ಷಿಯಿತ್ತು. ಈ ಮೂರನ್ನು ನೆನಪಿನಲ್ಲಿಟ್ಟುಕೊಂಡು ಈಗಿನ ದನಿಯನ್ನು ಪರೀಕ್ಷಿಸಬೇಕು.

ಯಂತ್ರ ಮಾತು ಕಲಿತ ಬಗೆ

ಆಪಲ್ ಸಂಸ್ಥೆಯ ‘ಸಿರಿ’ 2011ರಲ್ಲಿ ಫೋನಿಗೆ ಬಂತು. ಅಮೆಜಾನ್ ಸಂಸ್ಥೆಯ ‘ಅಲೆಕ್ಸಾ’ 2014ರಲ್ಲಿಯೂ ‘ಗೂಗಲ್ ಅಸಿಸ್ಟೆಂಟ್’ 2016ರಲ್ಲಿಯೂ ಬಂದವು. ಕನ್ನಡದ ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಗೂಗಲ್ 2017ರ ಆಗಸ್ಟ್‌ನಲ್ಲಿ ನೀಡಿತು. 2019ರ ಹೊತ್ತಿಗೆ ಅದರ ಸಹಾಯಕ ಕನ್ನಡದಲ್ಲಿಯೂ ಉತ್ತರಿಸತೊಡಗಿತು. 2024ರಲ್ಲಿ ಅದೇ ಸಂಸ್ಥೆಯ ‘ಜೆಮಿನಿ’ ಕನ್ನಡದಲ್ಲಿ ಸರಾಗವಾಗಿ ಸಂಭಾಷಣೆ ನಡೆಸುವ ಮಟ್ಟಕ್ಕೆ ಬಂದಿತು.

ಒಳಗೆ ನಡೆಯುವ ಕೆಲಸವನ್ನು ಸರಳವಾಗಿ ಹೇಳುವುದಾದರೆ ನಾಲ್ಕು ಮೆಟ್ಟಿಲುಗಳಿವೆ. ನಾವಾಡಿದ ಶಬ್ದವನ್ನು ಯಂತ್ರ ಅಕ್ಷರವಾಗಿ ಮಾರ್ಪಡಿಸುತ್ತದೆ, ಆ ಅಕ್ಷರಗಳ ಅಭಿಪ್ರಾಯವನ್ನು ಊಹಿಸುತ್ತದೆ, ಉತ್ತರವನ್ನು ಕಟ್ಟುತ್ತದೆ, ಕೊನೆಗೆ ಆ ಉತ್ತರವನ್ನು ದನಿಯಾಗಿ ನುಡಿಯುತ್ತದೆ. ಬಹುಪಾಲು ಈ ಕೆಲಸವೆಲ್ಲ ನಮ್ಮ ಕೈಯಲ್ಲಿರುವ ಫೋನಿನಲ್ಲಿ ನಡೆಯುವುದಲ್ಲ. ಮಾತು ಅಂತರ್ಜಾಲದ ಮೂಲಕ ಎಲ್ಲಿಯೋ ದೂರದಲ್ಲಿರುವ ದೊಡ್ಡ ಕಂಪ್ಯೂಟರುಗಳಿಗೆ ಹೋಗಿ ಮರಳುತ್ತದೆ. ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿ ಕಾಲು ಜಾರಿದರೂ ಉತ್ತರ ಕೆಡುತ್ತದೆ. ಆದರೆ ಕೆಟ್ಟ ಉತ್ತರವನ್ನೂ ಯಂತ್ರ ಒಳ್ಳೆಯ ಸ್ವರದಲ್ಲಿಯೇ ಹೇಳುತ್ತದೆ. ಗೊತ್ತಿಲ್ಲದ ಮನುಷ್ಯನ ದನಿ ಅಳುಕುತ್ತದೆ, ತಡವರಿಸುತ್ತದೆ. ಅದರಿಂದಲೇ ನಾವು ಎಚ್ಚರಗೊಳ್ಳುತ್ತೇವೆ. ಯಂತ್ರದ ದನಿಗೆ ಅಳುಕಿಲ್ಲ.

ಸವಿದನಿಗೆ ಮಾರುಹೋಗುವುದು ಮನುಷ್ಯನ ಸ್ವಭಾವ. ಅಮೆರಿಕದ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ ‘ಎಲಿಜಾ’ ಎಂಬ ಸಂಭಾಷಣೆಯ ಕಾರ್ಯಕ್ರಮವನ್ನು ಪ್ರಕಟಿಸಿದರು. ಅದಕ್ಕೆ ದನಿಯೂ ಇರಲಿಲ್ಲ. ಬೆರಳಚ್ಚಿನಲ್ಲಿ ಕೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು, ಅಷ್ಟೆ. ಆದರೂ ಅದರ ರಚನೆಯನ್ನು ಬಲ್ಲ ಅವರ ಕಾರ್ಯದರ್ಶಿಯೇ ಅದರೊಡನೆ ಏಕಾಂತದಲ್ಲಿ ಮಾತನಾಡಬೇಕೆಂದು ಅವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡರಂತೆ. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೈರನ್ ರೀವ್ಸ್ ಮತ್ತು ಕ್ಲಿಫರ್ಡ್ ನಾಸ್ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಜನರು ಅರಿವಿಲ್ಲದೆಯೇ ಕಂಪ್ಯೂಟರನ್ನು ಮನುಷ್ಯನಂತೆ ಕಾಣುತ್ತಾರೆಂಬುದನ್ನು ಪ್ರಯೋಗಗಳಿಂದ ತೋರಿಸಿದರು. ಬರಿಯ ಅಕ್ಷರಗಳಿಗೇ ಇಷ್ಟು ಆಕರ್ಷಣೆ ಇದ್ದರೆ ಮಾನವ ಸ್ವರಕ್ಕೆ ಎಷ್ಟಿರಬೇಡ!

ಕರಿಕೆಯಿಂದ ನೋಡಿದರೆ

ಈ ವಿಚಾರವನ್ನು ದೊಡ್ಡ ನಗರದಿಂದ ನೋಡುವುದಕ್ಕಿಂತ ಗಡಿಯ ಒಂದು ಊರಿನಿಂದ ನೋಡಿದರೆ ತಿರುಳು ಬೇಗ ಕೈಗೆ ಸಿಗುತ್ತದೆ. ಕೊಡಗಿನ ಮಡಿಕೇರಿ ತಾಲ್ಲೂಕಿನ ಕರಿಕೆ ಅಂಥದೊಂದು ಊರು. ಭಾಗಮಂಡಲದಿಂದ ಕಾಡಿನ ನಡುವೆ ಘಟ್ಟವನ್ನಿಳಿಯುವ ರಸ್ತೆ ಕರಿಕೆಯನ್ನು ಮುಟ್ಟಿ, ಅಲ್ಲಿಂದ ಕೇರಳದ ಕಾಸರಗೋಡು ಜಿಲ್ಲೆಯ ಪಾಣತ್ತೂರಿನ ಕಡೆಗೆ ಸಾಗುತ್ತದೆ. ಅಡಕೆ, ತೆಂಗು, ರಬ್ಬರು, ಕರಿಮೆಣಸು ಅಲ್ಲಿನ ಬದುಕು. ಅಲ್ಲಿ ಮನೆಯೊಳಗೆ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನೆರೆಯಲ್ಲಿ ತುಳು ಆಡುವವರೂ ಇದ್ದಾರೆ. ಇಂಥ ಊರಿನ ಮಾತು ಪುಸ್ತಕದ ಕನ್ನಡವಲ್ಲ. ಒಂದೇ ವಾಕ್ಯದಲ್ಲಿ ಎರಡು ಮೂರು ಭಾಷೆಗಳ ಪದಗಳು ಸಹಜವಾಗಿ ಕೂಡುತ್ತವೆ.

ಅಲ್ಲಿನ ಅಡಕೆ ಬೆಳೆಗಾರನು ಮುಂಗಾರು ಹತ್ತಿರ ಬಂದಾಗ ಧ್ವನಿ ಸಹಾಯಕವನ್ನು ಕೊಳೆರೋಗಕ್ಕೆ ಮದ್ದು ಕೇಳಿದನೆಂದು ಭಾವಿಸೋಣ. ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಾಡುವ ಕ್ರಮ ಹೀಗಿದೆ: 1 ಕಿಲೋ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಮತ್ತೆ 50 ಲೀಟರು ನೀರಿನಲ್ಲಿಯೂ ಬೇರೆಬೇರೆಯಾಗಿ ಕರಗಿಸಬೇಕು, ಲೋಹದ ಪಾತ್ರೆಯನ್ನು ಬಳಸಬಾರದು, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು, ಹೊಳೆಯುವ ಕಬ್ಬಿಣದ ಚೂರಿಯನ್ನು ಅದ್ದಿದಾಗ ತಾಮ್ರದ ಕೆಂಪು ಬಣ್ಣ ಅಂಟಿದರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯಬೇಕು. ಮಳೆಗೆ ಮುನ್ನ ಒಂದು ಸಲ, ಅನಂತರ ಸುಮಾರು 40–45 ದಿನಗಳಿಗೆ ಮತ್ತೊಂದು ಸಲ ಸಿಂಪಡಿಸಬೇಕು. ಈ ಕ್ರಮದಲ್ಲಿ ಒಂದು ಅಳತೆ ತಪ್ಪಿದರೂ ಕಾಯಿ ಸುಡಬಹುದು, ಇಲ್ಲವೆ ರೋಗ ನಿಲ್ಲದೆ ಗೊನೆಯೇ ಉದುರಬಹುದು. ಒಂದು ಕುಟುಂಬದ ವರ್ಷದ ಆದಾಯ ಆ ಉತ್ತರದಲ್ಲಿ ಅಡಗಿದೆ. ದನಿ ಎಷ್ಟು ಮಧುರವಾಗಿತ್ತು ಎಂಬುದು ಆಗ ಲೆಕ್ಕಕ್ಕೆ ಬರುವುದಿಲ್ಲ.

ಇದೇ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದವರು ಲೆಸ್ಲಿ ಕೋಲ್‌ಮನ್. ಹೊರನಾಡಿನಿಂದ ಬಂದ ಆ ವಿಜ್ಞಾನಿಯ ಶಿಫಾರಸು ಮಲೆನಾಡಿನ ವಾಡಿಕೆಯಾಗಿ ಉಳಿದುದು ಮಾತಿನ ಸೊಗಸಿನಿಂದಲ್ಲ. ಸಿಂಪಡಿಸಿದ ತೋಟದಲ್ಲಿ ಗೊನೆ ಉಳಿದುದರಿಂದ. ನಂಬಿಕೆ ಫಲದಿಂದ ಬಲಿಯುತ್ತದೆ.

ನಂಬಿಕೆಯ ಮೂರು ಕಂಬಗಳು

ಮೇಯರ್, ಡೇವಿಸ್, ಸ್ಕೂರ್ಮನ್ ಎಂಬ ಮೂವರು ಅಮೆರಿಕದ ವಿದ್ವಾಂಸರು 1995ರಲ್ಲಿ ನಂಬಿಕೆಗೆ ಮೂರು ಆಧಾರಗಳನ್ನು ಹೇಳಿದರು: ಸಾಮರ್ಥ್ಯ, ಹಿತಚಿಂತನೆ, ಪ್ರಾಮಾಣಿಕತೆ. ನಮ್ಮ ಹಿರಿಯರು ವೈದ್ಯನನ್ನೋ ವ್ಯಾಪಾರಿಯನ್ನೋ ಆರಿಸುವಾಗ ನೋಡುತ್ತಿದ್ದುದೂ ಇವನ್ನೇ. ಕೆಲಸ ಬಲ್ಲನೆ? ನಮ್ಮ ಒಳಿತನ್ನು ಬಯಸುವನೆ? ಕೊಟ್ಟ ಮಾತಿಗೆ ತಪ್ಪದವನೆ? ಧ್ವನಿ ಸಹಾಯಕವನ್ನೂ ಇದೇ ಒರೆಗಲ್ಲಿಗೆ ಹಚ್ಚೋಣ.

ಮೊದಲನೆಯದು ಸಾಮರ್ಥ್ಯ. ಗ್ರಾಹಕನು ಮೊದಲು ನೋಡುವುದು ‘ಇದಕ್ಕೆ ನನ್ನ ಮಾತು ತಿಳಿಯುತ್ತದೆಯೇ’ ಎಂಬುದನ್ನು. ಎರಡು ಸಲ ಕೇಳಿ ತಪ್ಪು ಉತ್ತರ ಬಂದರೆ ಮೂರನೆಯ ಸಲ ಅವನು ಕೇಳುವುದಿಲ್ಲ. ಧಾರವಾಡದವರು “ಎಲ್ಲಿ ಹೊಂಟೀರಿ” ಎನ್ನುತ್ತಾರೆ. ಮೈಸೂರಿನವರು “ಎಲ್ಲಿಗೆ ಹೊರಟಿದೀರಿ” ಎನ್ನುತ್ತಾರೆ. ಕರಿಕೆಯ ಅರೆಭಾಷೆಯ ಜಾಡೇ ಬೇರೆ. ಆಡುಮಾತಿನ ಭೇದ ಯಂತ್ರಕ್ಕೆ ತೊಡಕಾಗುವುದು ನಮ್ಮಲ್ಲಿ ಮಾತ್ರವಲ್ಲ. 2020ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಐದು ಪ್ರಸಿದ್ಧ ಸಂಸ್ಥೆಗಳ ಯಂತ್ರಗಳನ್ನು ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ಸರಾಸರಿ ನೂರಕ್ಕೆ 19 ಪದಗಳು ತಪ್ಪಾದರೆ ಕಪ್ಪುಜನರ ಮಾತಿನಲ್ಲಿ 35 ಪದಗಳು ತಪ್ಪಾದವು. ಯಾರ ಮಾತನ್ನು ಹೆಚ್ಚು ಕೇಳಿಸಿ ಕಲಿಸಿದರೋ ಅವರ ಮಾತು ಯಂತ್ರಕ್ಕೆ ಚೆನ್ನಾಗಿ ತಿಳಿಯುತ್ತದೆ.

ಈ ಕೊರತೆಯನ್ನು ತುಂಬುವ ಪ್ರಯತ್ನ ನಮ್ಮ ನಾಡಿನಲ್ಲಿ ನಡೆದಿರುವುದು ಸಂತೋಷದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿದಂತೆ 9 ಭಾಷೆಗಳ ಮಾತನ್ನು ಉಪಭಾಷೆಗಳ ಸಮೇತ, ಕೃಷಿ ಮತ್ತು ಹಣಕಾಸಿನ ವಿಷಯವಾಗಿ ಸಂಗ್ರಹಿಸಿತು. ಮದರಾಸಿನ ಐಐಟಿಯ ‘ಎಐಫಾರ್ ಭಾರತ್’ ತಂಡ 2024ರಲ್ಲಿ ಪ್ರಕಟಿಸಿದ ‘ಇಂಡಿಕ್ ವಾಯ್ಸಸ್’ ಸಂಗ್ರಹದಲ್ಲಿ 22 ಭಾಷೆಗಳ, 145 ಜಿಲ್ಲೆಗಳ 16,237 ಜನರ 7,348 ಗಂಟೆಗಳ ಮಾತು ಸೇರಿತ್ತು. ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆಗಾಗಿ ಕರ್ನಾಟಕದ ಹಳ್ಳಿಗಳ ಜನ ತಮ್ಮ ಫೋನಿಗೆ ಕನ್ನಡದ ವಾಕ್ಯಗಳನ್ನು ಓದಿಹೇಳಿ ಅದಕ್ಕೆ ಸಂಭಾವನೆ ಪಡೆದಿದ್ದಾರೆ. ಅರೆಭಾಷೆಗೆ 2011ರಲ್ಲಿ ಸರ್ಕಾರದ ಅಕಾಡೆಮಿಯೇ ಸ್ಥಾಪನೆಯಾಯಿತು. ಅಂಥ ಸಂಸ್ಥೆಗಳು ಮನಸ್ಸು ಮಾಡಿದರೆ ಸಣ್ಣ ಭಾಷೆಗಳ ಮಾತೂ ಹೀಗೆ ಸಂಗ್ರಹವಾಗಬಹುದು.

ಸಾಮರ್ಥ್ಯಕ್ಕೆ ಇನ್ನೊಂದು ಮುಖವಿದೆ. ದೂರದ ಕಂಪ್ಯೂಟರನ್ನು ನೆಚ್ಚಿದ ದನಿಗೆ ಸಂಪರ್ಕ ಕಡಿದರೆ ನಾಲಗೆಯೇ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನೂ 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿದುದನ್ನೂ ನಾಡು ಮರೆತಿಲ್ಲ. ಘಟ್ಟದ ಊರುಗಳಲ್ಲಿ ಮರ ಬಿದ್ದರೆ ರಸ್ತೆ, ವಿದ್ಯುತ್ತು, ಫೋನು ಮೂರೂ ಒಟ್ಟಿಗೆ ನಿಲ್ಲಬಹುದು. ಅಗತ್ಯ ಅತಿ ಹೆಚ್ಚಾಗಿರುವ ಹೊತ್ತಿಗೇ ಈ ಸಹಾಯಕ ಕೈಕೊಡುವ ಸಂಭವವಿದೆ. ಬ್ಯಾಟರಿಯಿಂದ ನಡೆಯುವ ಒಂದು ರೇಡಿಯೋವನ್ನು ಮಲೆನಾಡಿನ ಮನೆಗಳು ಇನ್ನೂ ಎಸೆಯದಿರುವುದು ಲೇಸು.

ಎರಡನೆಯದು ಹಿತಚಿಂತನೆ. ಯಂತ್ರಕ್ಕೆ ನಮ್ಮ ಮೇಲೆ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಅದನ್ನು ಮಾಡಿದವರಿಗೆ ಮಾತ್ರ ಉದ್ದೇಶವಿದೆ. ಯಾವುದೋ ಸರಕಿನ ವಿಷಯ ಕೇಳಿದಾಗ ಬರುವ ಉತ್ತರ ನಮ್ಮ ಹಿತಕ್ಕೋ, ಸರಕು ಮಾರುವವರ ಹಿತಕ್ಕೋ ಎಂಬ ಪ್ರಶ್ನೆ ಸದಾ ಜಾಗೃತವಾಗಿರಬೇಕು. ಅಂಗಡಿಯಾತನು ತನ್ನ ಅಂಗಡಿಯ ಸರಕನ್ನು ಹೊಗಳಿದರೆ ನಮಗೆ ತಿಳಿಯುತ್ತದೆ. ಮನೆಯೊಳಗೆ ಕುಳಿತು ಮನೆಯವರಂತೆ ಮಾತನಾಡುವ ದನಿ ಹೊಗಳಿದರೆ ಅದು ವ್ಯಾಪಾರವೆಂದು ತಿಳಿಯುವುದು ಕಷ್ಟ.

ಮೂರನೆಯದು ಪ್ರಾಮಾಣಿಕತೆ. ಮನೆಯ ಮಾತು ಮನೆಯಲ್ಲಿ ಉಳಿಯುವುದೇ ಎಂಬುದು ಗೃಹಿಣಿಯರ ಸಹಜವಾದ ಆತಂಕ. 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಸಂಸ್ಥೆಗಳ ಸಹಾಯಕಗಳು ದಾಖಲಿಸಿದ ಮಾತುಗಳಲ್ಲಿ ಕೆಲವನ್ನು ಪರಿಶೀಲನೆಗಾಗಿ ಮನುಷ್ಯರೇ ಆಲಿಸುತ್ತಿದ್ದರೆಂಬುದು ಬಯಲಾಯಿತು. ಆಪಲ್ ಸಂಸ್ಥೆ ಆ ವರ್ಷ ಕ್ಷಮೆಯನ್ನೂ ಕೇಳಿತು. ಮಕ್ಕಳ ದನಿಯ ದಾಖಲೆಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ ಅಮೆಜಾನ್ 2023ರಲ್ಲಿ ಅಮೆರಿಕದ ಸರ್ಕಾರಕ್ಕೆ 2.5 ಕೋಟಿ ಡಾಲರು ದಂಡ ತೆರಲು ಒಪ್ಪಿತು. ಸಿರಿಯ ಕುರಿತ ಇಂಥದೇ ಮೊಕದ್ದಮೆಯಲ್ಲಿ, ತಪ್ಪನ್ನು ಒಪ್ಪದಿದ್ದರೂ, 9.5 ಕೋಟಿ ಡಾಲರು ಕೊಟ್ಟು ರಾಜಿಯಾಗಲು ಆಪಲ್ ಮುಂದಾದುದು 2025ರ ಜನವರಿಯಲ್ಲಿ ತಿಳಿಯಿತು.

ಖಾಸಗಿತನವು ನಮ್ಮ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಮಾತು. ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಆಯಿತು. ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರ್‌ನಲ್ಲಿ ಪ್ರಕಟವಾದವು. 18 ವರ್ಷದೊಳಗಿನ ಮಕ್ಕಳ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ಆ ಕಾಯಿದೆ ಹೇಳುತ್ತದೆ.

ಅಂಗಡಿಯ ದನಿ ಗೆದ್ದುದು ಹೇಗೆ?

ಇಷ್ಟೆಲ್ಲ ಸಂದೇಹಗಳ ನಡುವೆಯೂ ಒಂದು ದನಿಯನ್ನು ನಮ್ಮ ನಾಡಿನ ವ್ಯಾಪಾರಿಗಳು ನಂಬಿದ್ದಾರೆ. ತರಕಾರಿಯ ಗಾಡಿಯಿಂದ ಹಿಡಿದು ಬಟ್ಟೆಯ ಅಂಗಡಿಯವರೆಗೆ ಇಂದು ಕೇಳಿಬರುವ ‘ಸೌಂಡ್‌ಬಾಕ್ಸ್’ನ ದನಿ ಅದು. ಇಷ್ಟು ರೂಪಾಯಿ ಜಮೆಯಾಗಿದೆ ಎಂದು ಅದು ಗಟ್ಟಿಯಾಗಿ ಹೇಳುತ್ತಲೇ ವ್ಯಾಪಾರಿ ಸರಕನ್ನು ಕೈಗೆ ಕೊಡುತ್ತಾನೆ. 2024ರಲ್ಲಿ ಫೋನ್‌ಪೇ ಸಂಸ್ಥೆ ಇಂಥ ಪೆಟ್ಟಿಗೆಗೆ ನಟ ಸುದೀಪ್ ಅವರ ಕನ್ನಡದ ದನಿಯನ್ನೂ ತಂದಿತು. ಆದರೆ ವ್ಯಾಪಾರಿಯ ನಂಬಿಕೆ ನಟನ ದನಿಯಲ್ಲಿ ಇಲ್ಲ. ಆ ಪೆಟ್ಟಿಗೆ ಹೇಳುವುದು ಒಂದೇ ಮಾತು. ಅದನ್ನು ಕೊಡುವವನೂ ಕೊಳ್ಳುವವನೂ ಒಟ್ಟಿಗೆ ಕೇಳುತ್ತಾರೆ. ಸಂಜೆ ಬ್ಯಾಂಕಿನ ಲೆಕ್ಕಕ್ಕೆ ಹೋಲಿಸಿ ನೋಡಬಹುದು. ತಪ್ಪಿದ್ದರೆ ದೂರು ಕೊಡಲು ಸ್ಥಳವಿದೆ. ಹಳೆಯ ಬಾನುಲಿಗೆ ಇದ್ದ ಹೊಣೆ ಮತ್ತು ಸಾಕ್ಷಿ ಇಲ್ಲಿಯೂ ಇವೆ. ಅಕ್ಷರ ಬಾರದ ವ್ಯಾಪಾರಿಗೂ ಅದು ಸ್ವಾತಂತ್ರ್ಯವನ್ನು ತಂದಿತು. ಫೋನಿನ ಪರದೆಯನ್ನು ಓದಿಸಲು ಅವನು ಮತ್ತೊಬ್ಬರನ್ನು ಬೇಡಬೇಕಾಗಿಲ್ಲ.

ಧ್ವನಿ ಸಹಾಯಕದ ನಿಜವಾದ ಉಪಕಾರವೂ ಇಲ್ಲಿಯೇ ಇದೆ. ಕಣ್ಣು ಕಾಣದವರಿಗೆ, ಕೈನಡುಗುವ ವೃದ್ಧರಿಗೆ, ಓದುಬಾರದ ತಾಯಂದಿರಿಗೆ ಮಾತಿನಿಂದಲೇ ಕೆಲಸ ಆಗುವುದು ಸಣ್ಣ ಸಂಗತಿಯಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ‘ಭಾಷಿಣಿ’ ಯೋಜನೆ, ಪಿಎಂ ಕಿಸಾನ್ ರೈತರಿಗಾಗಿ 2023ರಲ್ಲಿ ಬಂದ ‘ಕಿಸಾನ್ ಇ-ಮಿತ್ರ’ ಇವೆಲ್ಲ ಈ ದಿಕ್ಕಿನ ಹೆಜ್ಜೆಗಳು. ಇವನ್ನು ತಿರಸ್ಕರಿಸುವುದು ಜಾಣತನವಲ್ಲ.

ಅಂಕಿತವಿಲ್ಲದ ಮಾತು

ವಚನಗಳನ್ನು ಓದುವ ಮನೆಗಳಿಗೆ ಒಂದು ಮಾತು ಬೇಗ ಅರ್ಥವಾದೀತು. ವಚನಕ್ಕೆ ಅಂಕಿತವಿದೆ. ಕೂಡಲಸಂಗಮದೇವ ಎಂದೊಡನೆ ಬಸವಣ್ಣನವರ ಮಾತೆಂದೂ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿಯ ಮಾತೆಂದೂ, ಗುಹೇಶ್ವರ ಎಂದೊಡನೆ ಅಲ್ಲಮಪ್ರಭುವಿನ ಮಾತೆಂದೂ ಗುರುತಿಸುತ್ತೇವೆ. ಅವರು ತಮ್ಮ ಇಷ್ಟದೈವವನ್ನು ಸಾಕ್ಷಿಯಾಗಿರಿಸಿಕೊಂಡು ನುಡಿದರು. ಯಂತ್ರದ ಉತ್ತರಕ್ಕೆ ಅಂಕಿತವಿಲ್ಲ. ಯಾವ ಪುಸ್ತಕದಿಂದ, ಯಾವ ತಜ್ಞನಿಂದ ಆ ಮಾತು ಬಂತೆಂದು ಅನೇಕ ವೇಳೆ ಕೇಳದೆ ಅದು ಹೇಳುವುದಿಲ್ಲ. ಕೇಳಿದಾಗ ಹೇಳಿದ ಆಕರವೂ ಕೆಲವೊಮ್ಮೆ ಕಲ್ಪಿತವಾಗಿರುತ್ತದೆ.

ಹಾಗಾದರೆ ತಪ್ಪಿಗೆ ಹೊಣೆ ಯಾರು? ಕೆನಡಾ ದೇಶದಲ್ಲಿ ಏರ್ ಕೆನಡಾ ವಿಮಾನ ಸಂಸ್ಥೆಯ ಸಂಭಾಷಣಾ ಯಂತ್ರವು, ಸಂಬಂಧಿಕರ ಮರಣಕ್ಕೆ ಹೋಗುವವರಿಗೆ ಸಿಗುವ ರಿಯಾಯಿತಿಯನ್ನು ಕುರಿತು ಒಬ್ಬ ಪ್ರಯಾಣಿಕನಿಗೆ ತಪ್ಪು ಹೇಳಿತು. ಯಂತ್ರದ ಮಾತಿಗೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು ಅಲ್ಲಿನ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಯಂತ್ರವನ್ನು ಬಾಗಿಲಲ್ಲಿ ಕೂರಿಸಿದವನೇ ಅದರ ನುಡಿಗೆ ಹೊಣೆಗಾರ ಎಂಬುದು ಆ ತೀರ್ಪಿನ ಸಾರ. ಗ್ರಾಹಕರ ಬಾಳುವ ನಂಬಿಕೆ ಹುಟ್ಟುವುದು ಈ ಹೊಣೆಗಾರಿಕೆಯಿಂದಲೇ. ಸವಿದನಿಯಿಂದ ಪರಿಚಯವಾಗುತ್ತದೆ, ಸೌಕರ್ಯದಿಂದ ಬಳಕೆಯಾಗುತ್ತದೆ. ಹೊಣೆ ಹೊರುವವರಿದ್ದರೆ ಮಾತ್ರ ನಂಬಿಕೆ ನಿಲ್ಲುತ್ತದೆ.

ಮನೆಗಳಲ್ಲಿ ಪಾಲಿಸಬಹುದಾದ ಕ್ರಮ

ಗೃಹಸ್ಥರಿಗೆ ನಾಲ್ಕು ಮಾತು ಹೇಳುವುದು ಉಚಿತ. ಮೊದಲನೆಯದು, ತಪ್ಪಾದರೆ ನಷ್ಟವಿಲ್ಲದ ಕೆಲಸಗಳಿಗೆ ಧ್ವನಿ ಸಹಾಯಕವನ್ನು ಧಾರಾಳವಾಗಿ ಬಳಸಿರಿ. ಹಾಡು ಹಾಕಲು, ಬೆಳಗಿನ ಜಾವ ಎಬ್ಬಿಸಲು, ಫೋನು ಹಚ್ಚಲು ಅದು ಒಳ್ಳೆಯ ಸೇವಕ. ಔಷಧದ ಪ್ರಮಾಣ, ತೋಟದ ಮದ್ದು, ಹಣದ ವ್ಯವಹಾರ, ಕೋರ್ಟಿನ ಕಾಗದ ಇವುಗಳ ವಿಷಯದಲ್ಲಿ ಅದರ ಮಾತನ್ನು ಬಲ್ಲವರ ಮುಂದಿಟ್ಟು ಕೇಳದೆ ಹೆಜ್ಜೆಯಿಡಬೇಡಿರಿ. ರೈತರಿಗೆ 2004ರಿಂದ ಕಿಸಾನ್ ಕಾಲ್ ಸೆಂಟರ್ ಇದೆ; 1800-180-1551 ಎಂಬ ಉಚಿತ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿ ಮನುಷ್ಯರೇ ಉತ್ತರಿಸುತ್ತಾರೆ. ಕರಿಕೆಯ ಬೆಳೆಗಾರರಿಗಂತೂ ಅಡಕೆ ತೆಂಗುಗಳನ್ನು ಅಭ್ಯಸಿಸುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನೆರೆಯ ಕಾಸರಗೋಡಿನಲ್ಲಿಯೇ ಇದೆ.

ಎರಡನೆಯದು, ಫೋನಿನ ವ್ಯವಸ್ಥೆಯಲ್ಲಿ ದಾಖಲಾದ ಮಾತುಗಳನ್ನು ನೋಡಿ ಅಳಿಸುವ ಅವಕಾಶವಿರುತ್ತದೆ; ಓದುವ ಮಕ್ಕಳಿಂದ ಅದನ್ನು ಕಲಿತುಕೊಳ್ಳಿರಿ. ಮನೆಯ ಕಷ್ಟಸುಖಗಳನ್ನೂ ಸಂಬಂಧದ ಮಾತುಕತೆಗಳನ್ನೂ ಆಡುವಾಗ ಆ ಪೆಟ್ಟಿಗೆಯ ಕಿವಿ ಮುಚ್ಚಿರಲಿ.

ಮೂರನೆಯದು, ಪರಿಚಿತ ದನಿಯನ್ನೇ ಅನುಕರಿಸುವ ವಿದ್ಯೆ ಈಗ ವಂಚಕರ ಕೈಗೆ ಸಿಕ್ಕಿದೆ. ಮೊಮ್ಮಗನ ದನಿಯಲ್ಲಿ “ಅಜ್ಜಿ, ಅಪಘಾತವಾಗಿದೆ, ಕೂಡಲೇ ಹಣ ಕಳಿಸು” ಎಂಬ ಕರೆ ಬಂದರೆ, ಅದನ್ನು ನಿಲ್ಲಿಸಿ ಮೊಮ್ಮಗನ ಮಾಮೂಲಿ ಸಂಖ್ಯೆಗೆ ನೀವೇ ಕರೆಮಾಡಿರಿ. ಮನೆಯವರಿಗೆ ಮಾತ್ರ ತಿಳಿದ ಒಂದು ಗುರುತಿನ ಪದವನ್ನು ಗೊತ್ತುಮಾಡಿಕೊಂಡಿರುವುದು ಒಳ್ಳೆಯದು. ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಬೇಕು.

ನಾಲ್ಕನೆಯದು ಮಕ್ಕಳ ವಿಷಯ. ಕೂಗಿದೊಡನೆ ಬಂದು, ಬೈದರೂ ಬೇಸರಿಸದೆ ಸೇವೆ ಮಾಡುವ ದನಿ ಬಹುಮಟ್ಟಿಗೆ ಹೆಣ್ಣಿನದಾಗಿರುವುದನ್ನು ಯುನೆಸ್ಕೊ 2019ರ ವರದಿಯಲ್ಲಿ ಆಕ್ಷೇಪಿಸಿತು. ಹೆಣ್ಣುದನಿ ಎಂದರೆ ಅಪ್ಪಣೆ ಪಾಲಿಸುವ ದನಿ ಎಂಬ ಭಾವನೆ ಎಳೆಯ ಮನಸ್ಸಿನಲ್ಲಿ ಬೇರೂರಬಾರದು. ಯಂತ್ರದೊಡನೆ ಆಡುವ ಮಾತೂ ಸೌಜನ್ಯದ ಮಾತಾಗಿರಲೆಂದು ಮಕ್ಕಳಿಗೆ ಹೇಳಿರಿ. ಅದು ಯಂತ್ರಕ್ಕಾಗಿ ಅಲ್ಲ, ಮಗುವಿನ ನಾಲಗೆಗಾಗಿ.

ಕೊನೆಯದಾಗಿ ಹಿರಿಯರನ್ನು ಕುರಿತು ಒಂದು ಮಾತು. ಮಕ್ಕಳು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇದ್ದು, ಊರಿನ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಕುಟುಂಬಗಳು ನಮ್ಮಲ್ಲಿ ಹೆಚ್ಚುತ್ತಿವೆ. ಅಲ್ಲಿ ಈ ದನಿ ಔಷಧದ ಹೊತ್ತನ್ನು ನೆನಪಿಸುತ್ತದೆ, ಬೇಸರವಾದಾಗ ಉತ್ತರ ಕೊಡುತ್ತದೆ. ಉಪಕಾರವೇ ಸರಿ. ಆದರೆ ತಂದೆತಾಯಿಗಳ ಪ್ರಶ್ನೆಗೆ ಯಂತ್ರ ಉತ್ತರಿಸುತ್ತದೆ ಎಂಬ ಸಮಾಧಾನದಿಂದ ಮಕ್ಕಳು ಫೋನು ಮಾಡುವುದನ್ನು ಕಡಿಮೆ ಮಾಡಿದರೆ ಆ ಉಪಕಾರ ಅಪಕಾರವಾಗುತ್ತದೆ. ಸಹಾಯಕವನ್ನು ತಂದುಕೊಟ್ಟ ಮಗನು ದಿನಕ್ಕೊಂದು ಸಲ ತನ್ನ ಸ್ವಂತ ದನಿಯನ್ನೂ ಕೇಳಿಸಲಿ. ಆ ದನಿಯ ನುಡಿಗೆ ಹೊಣೆ ಯಾರೆಂದು ತಾಯಿ ಯಾರನ್ನೂ ಕೇಳಬೇಕಾಗಿಲ್ಲ.